ಬುಟ್ಟಿ ಹೋದ ಮೇಲೆ

ಹಣಮವ್ವನ ತವರು ಮಂಗಳವೇಢೆ ಕಡೆಯ ಮರವಡೆ. ಕುರಿಗಳ ನಡುವೆ ಹುಟ್ಟಿ ಬೆಳೆದು, ಬೋರಾಮಣಿಯ ಅಂಬಾದಾಸನನ್ನು ಮದುವೆಯಾಗಿ ಮತ್ತೆ ಕುರಿಗಳ ನಡುವೆಯೇ ಬಂದವಳು. ಬಂದಾಗ ಮೈದುನ ತುಕಾರಾಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರಿಂದ ಅವನಿಗೆ ನೀರೆರೆದು, ತಲೆ ಬಾಚಿ ಸಾಲೆಗೆ ಕಳಿಸಿದವಳು ಇವಳೇ. ಅವನು ಸಾಲೆ ಬಿಟ್ಟು ಕುರಿಗಳ ಹಿಂದೆ ಓಡಿ ಬಂದಾಗ ಹೊಡೆದವಳೂ ಇವಳೇ. ಮುಂದೆ ಅಂಬಾದಾಸನ ಮೊಣಕಾಲು ಕೆಟ್ಟಿತು. ಅವನು ಸೋಲಾಪುರದ ಒಂದು ಟಾವೆಲ್ ಕಾರಖಾನೆಯಲ್ಲಿ ವಾಚ್‌ಮನ್ ಆಗಿ ಸೇರಿ, ವಾರದ ರಜೆಗಷ್ಟೇ ಊರಿಗೆ ಬರತೊಡಗಿದ. ಅಲ್ಲಿಂದ ಕುರಿಗಳನ್ನು ನೋಡಿಕೊಂಡವರು ಅತ್ತಿಗೆ, ಮೈದುನ ಇಬ್ಬರೇ. ಅತ್ತಿಗೆಯನ್ನು ಅವನು ವೈನಿ ಎನ್ನುತ್ತಿದ್ದ. ಇಬ್ಬರೂ ಮಾತು ಕಡಿಮೆಯ ಜನ. ಮಾಳದ ಆ ತುದಿಯಿಂದ ಅವನು ಒಂದು ಸಿಳ್ಳೆ ಹಾಕಿದರೆ ಈ ತುದಿಯಲ್ಲಿ ಇವಳಿಗೆ ಎಲ್ಲ ತಿಳಿಯುತ್ತಿತ್ತು.

ನಾಯಿಯನ್ನು ತಂದವನು ತುಕಾರಾಮನೇ. ಒಂದು ವರ್ಷ ಅಕ್ಕಲಕೋಟೆ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ಊರಿಗೆ ಮರಳುವಾಗ, ರಸ್ತೆಯ ಬದಿಯಲ್ಲಿ ಟ್ರಕ್ಕಿಗೆ ಸಿಕ್ಕು ಸತ್ತ ತಾಯಿಯ ಪಕ್ಕದಲ್ಲಿ ಒಂದು ಮರಿ ಕುಂಯ್‌ಗುಡುತ್ತಿತ್ತು. ಎಳೆಯ ಕುರಿಮರಿಗಳನ್ನು ಹೊರುವ ಬುಟ್ಟಿಯಲ್ಲಿ ಅದನ್ನೂ ಹಾಕಿಕೊಂಡು ಬಂದ. ಹಣಮವ್ವ ಒಂದು ಬಡಪಾಯಿ ಕುರಿಯನ್ನು ಹಿಡಿದು ನಿಲ್ಲಿಸಿ ಅದರ ಮೊಲೆಗೆ ಮರಿಯ ಬಾಯಿ ಹಚ್ಚಿದಳು. ಅಲ್ಲಿಂದ ಅದರ ಹೆಸರು ಬುಟ್ಟಿ ಎಂದೇ ಆಯಿತು. ಯಾರೂ ಕೂತು ಇಟ್ಟ ಹೆಸರಲ್ಲ.

ಬೂದು ಬಣ್ಣದ, ಉದ್ದ ಕಾಲಿನ ಹೆಣ್ಣುನಾಯಿ. ತೋಳದ ಜೊತೆ ಕಾದಾಡಿ ಒಂದು ಕಿವಿ ಹರಿದುಕೊಂಡಿತ್ತು. ಮಧ್ಯಾಹ್ನ ಹಣಮವ್ವ ಜಾಲಿಯ ನೆರಳಿನಲ್ಲಿ ಕಂಬಳಿ ಹಾಸಿದರೆ ಅದು ಅವಳ ಕಾಲಿಗೆ ಬೆನ್ನು ತಾಗಿಸಿ, ಮುಖವನ್ನು ಮಾಳದ ಕಡೆ ಮಾಡಿ ಕೂರುತ್ತಿತ್ತು. ಅವಳ ಮುಖ ನೋಡುತ್ತಾ ಬಾಲ ಅಲ್ಲಾಡಿಸುವ ನಾಯಿಯೇ ಅಲ್ಲ ಅದು. ಆ ಬೆನ್ನಿನ ಬಿಸಿ ತಾಗುತ್ತಿರುವಷ್ಟು ಹೊತ್ತು ಹಣಮವ್ವ ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತಿದ್ದಳು. ಅಂಬಾದಾಸ ರಜೆಗೆ ಬಂದರೆ ಅವನ ಬಟ್ಟೆಗೆ ಹತ್ತಿದ ಕಾರಖಾನೆಯ ಬಣ್ಣದ ವಾಸನೆಗೆ ಸೀನಿ ದೂರ ಹೋಗುತ್ತಿತ್ತು. ಮಗಳು ಸಪ್ನಾ ಮದುವೆಯಾಗಿ ನಾಗಣಸೂರಿಗೆ ಹೋದ ದಿನ ಜೀಪಿನ ಹಿಂದೆ ಹೆದ್ದಾರಿಯವರೆಗೂ ಓಡಿ, ಅಲ್ಲಿಂದ ತಾನಾಗಿಯೇ ತಿರುಗಿ ಕುರಿಗಳ ಬಳಿ ಬಂದಿತ್ತು. ಮಗಳು ಹೋದ ಮೇಲೆ ಹಣಮವ್ವ ಆ ನಾಯಿಯ ಜೊತೆ ಮಾತಾಡುವುದು ಹೆಚ್ಚಾಯಿತು. ಹುಲ್ಲು ಎಲ್ಲಿದೆ, ಯಾವ ಕುರಿ ಕುಂಟುತ್ತಿದೆ, ಸಪ್ನಾ ಫೋನಿನಲ್ಲಿ ಏನು ಹೇಳಿದಳು, ಎಲ್ಲವನ್ನೂ ಅದಕ್ಕೆ ಹೇಳುತ್ತಿದ್ದಳು.

ಕೆಟ್ಟದ್ದು ಶುರುವಾದದ್ದು ಈಚಿನ ಒಂದು ಚಳಿಗಾಲದಲ್ಲಿ. ಬುಟ್ಟಿಗೆ ವಯಸ್ಸಾಗಿತ್ತು, ಕಣ್ಣಿಗೆ ಪೊರೆ ಬರತೊಡಗಿತ್ತು. ಅದು ತೋಳಗಳಿಗೂ ತಿಳಿಯಿತೋ ಏನೋ, ಮರಿಗಳು ಮೇಲಿಂದ ಮೇಲೆ ಹೋಗತೊಡಗಿದವು. ಒಂದು ಸಂಜೆ ಹೋದದ್ದು ತುಕಾರಾಮ ಬೀರೋಬಾನಿಗೆ ಬಿಟ್ಟಿದ್ದ ಟಗರುಮರಿ. ಅವನ ಮಗಳು ಡೆಂಗೀ ಜ್ವರದಿಂದ ಉಳಿದು ಬಂದಾಗ ಹರಕೆಗೆಂದು ಕಿವಿ ಕತ್ತರಿಸಿ ಬಿಟ್ಟಿದ್ದ ಮರಿ ಅದು. ದೇವರದ್ದನ್ನೇ ತಿಂದವು ಎಂಬುದು ಅವನಿಗೆ ತಡೆಯಲಾಗಲಿಲ್ಲ. ಅರ್ಧ ತಿಂದು ಬಿಟ್ಟ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟವನನ್ನು, ಹುಗಿಯಲು ಹೊರಟಿದ್ದಾನೆ ಎಂದೇ ಹಣಮವ್ವ ತಿಳಿದಳು.

ಅವನು ಹುಗಿಯಲಿಲ್ಲ. ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವ ಕೆಲಸಕ್ಕೂ ಹೋಗುತ್ತಿದ್ದವನು ಅಲ್ಲಿಂದ ತಂದ ವಿಷವನ್ನು ಮಾಂಸಕ್ಕೆ ಸವರಿ, ಹಳ್ಳದ ಆಚೆ ತೋಳಗಳು ಓಡಾಡುವ ದಾರಿಯಲ್ಲಿ ಇಟ್ಟು ಬಂದ. ಬಂದವನೇ ಬುಟ್ಟಿಯನ್ನು ಗುಡಿಸಲ ಮುಂದಿನ ಗೂಟಕ್ಕೆ ಕಟ್ಟಿದ. ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ವೈನಿ ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬೆಳಕು ಹರಿದ ಕೂಡಲೇ ಹೋಗಿ ಉಳಿದದ್ದನ್ನು ತೆಗೆದುಬಿಡಬೇಕು ಎಂದುಕೊಂಡಿದ್ದ.

ಹಣಮವ್ವ ಅವನಿಗಿಂತ ಮೊದಲು ಎದ್ದಳು. ಕಟ್ಟಿ ಹಾಕಿದ ಬುಟ್ಟಿ ಕಂಡಿತು. ಅದನ್ನು ಹುಟ್ಟಿದಾಗಿನಿಂದ ಯಾರೂ ಕಟ್ಟಿರಲಿಲ್ಲ. ಕುತ್ತಿಗೆಯ ಕೂದಲು ಹಗ್ಗಕ್ಕೆ ತಿಕ್ಕಿ ಕಿತ್ತಿತ್ತು. ಯಾವ ಮಕ್ಕಳ ಕೆಲಸವೋ ಎಂದು ಬೈಯುತ್ತಾ ಗಂಟು ಬಿಚ್ಚಿದಳು. ಬುಟ್ಟಿ ಮೈ ಕೊಡವಿ, ನೆಟ್ಟಗೆ ಹಳ್ಳದ ಕಡೆ ಹೋಯಿತು.

ಮರಳಿ ಬಂದಾಗ ಅದರ ಕಾಲು ನಿಲ್ಲುತ್ತಿರಲಿಲ್ಲ. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು, ಮೈ ನಡುಗುತ್ತಿತ್ತು. ಹಾವು ಕಚ್ಚಿದೆ ಎಂದುಕೊಂಡ ಹಣಮವ್ವ ತುಕಾರಾಮನನ್ನು ಕೂಗಿದಳು. ಅವನು ನೋಡಿದವನೇ ಮೋಟರ್‌ಸೈಕಲ್ ತಿರುಗಿಸಿದ. ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅವಳು ಹಿಂದೆ ಕೂತಳು. ಸೋಲಾಪುರದವರೆಗೂ ಅವನು ಗಾಡಿಯನ್ನು ಅಷ್ಟು ಜೋರಾಗಿ ಓಡಿಸಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ದನದ ದವಾಖಾನೆಯಲ್ಲಿ ಡಾಕ್ಟರು ಆಗ ತಾನೇ ಬಂದಿದ್ದರು. ನಾಯಿಯ ಕಣ್ಣು ಬಿಡಿಸಿ ನೋಡಿ, ಇದು ಹಾವಲ್ಲ, ಏನು ತಿಂದಿದೆ ಎಂದು ಕೇಳಿದರು. ಹಣಮವ್ವ ಏನೂ ತಿಂದಿಲ್ಲ, ಬೆಳಗಿನ ರೊಟ್ಟಿ ಕೂಡ ಹಾಕಿರಲಿಲ್ಲ ಎಂದಳು. ಆಗ ಅವಳ ಹಿಂದೆ ನಿಂತಿದ್ದ ತುಕಾರಾಮ ಔಷಧದ ಹೆಸರು ಹೇಳಿದ. ಡಾಕ್ಟರು ಎಷ್ಟು ಎಂದು ಕೇಳಿದರು. ಅದನ್ನೂ ಹೇಳಿದ.

ಹಣಮವ್ವ ತಿರುಗಿ ಅವನ ಮುಖ ನೋಡಿದಳು. ಅವನು ಗೋಡೆಯ ಕಡೆ ನೋಡುತ್ತಿದ್ದ.

ಡಾಕ್ಟರು ಸೂಜಿ ಹಾಕಿದರು, ಮತ್ತೊಂದು ಹಾಕಿದರು. ನಡುಕ ಸ್ವಲ್ಪ ನಿಂತಂತೆ ಆಯಿತು. ಬುಟ್ಟಿ ತಲೆ ಎತ್ತಿ ಬಾಗಿಲ ಕಡೆ ಮುಖ ತಿರುಗಿಸಿ, ಬೆನ್ನನ್ನು ಹಣಮವ್ವನ ಹೊಟ್ಟೆಗೆ ಒತ್ತಿತು. ಹಾಗೇ ಸತ್ತಿತು. ಇಲ್ಲೇ ಬಿಟ್ಟು ಹೋಗಿ, ಮುನಸಿಪಾಲ್ಟಿ ಗಾಡಿ ಬರುತ್ತದೆ ಎಂದು ಅಲ್ಲಿಯ ಸಿಪಾಯಿ ಹೇಳಿದ. ಹಣಮವ್ವ ಕಂಬಳಿ ಸಮೇತ ಎತ್ತಿಕೊಂಡು ಹೊರಗೆ ನಡೆದಳು. ಮೈದುನನ ಗಾಡಿ ಹತ್ತಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ಸತ್ತ ನಾಯಿಯನ್ನು ಹಿಡಿದವಳನ್ನು ಯಾವ ಬಸ್ಸಿನವರು ಹತ್ತಿಸಿಕೊಳ್ಳುತ್ತಾರೆ? ಅದೇ ಗಾಡಿಯ ಮೇಲೆ, ಅದೇ ಬೆನ್ನಿನ ಹಿಂದೆ ಕೂತು ಬಂದಳು.

ಮಾಳದಲ್ಲಿ ಗುಂಡಿ ತೋಡಲು ಅವಳೇ ಗುದ್ದಲಿ ಹಿಡಿದಳು. ತುಕಾರಾಮ ಹತ್ತಿರ ಬಂದಾಗ ಅವನ ಕೈಯನ್ನು ತಳ್ಳಿದಳು. ನೆಲವೆಲ್ಲ ಗರಸು. ಗುದ್ದಲಿ ಕಿಡಿ ಹಾರಿಸುತ್ತಿತ್ತೇ ಹೊರತು ಮಣ್ಣು ಏಳುತ್ತಿರಲಿಲ್ಲ. ಬಹಳ ಹೊತ್ತು ಒದ್ದಾಡಿ ಕೊನೆಗೆ ಗುದ್ದಲಿಯನ್ನು ಅಲ್ಲೇ ಬಿಟ್ಟು, ಮುಖ ಆಚೆ ತಿರುಗಿಸಿ ಕೂತಳು. ಬೆನ್ನ ಹಿಂದೆ ಅವನು ಅಗೆಯುವ ಸದ್ದು ಕೇಳುತ್ತಿತ್ತು. ನಡುನಡುವೆ ಸದ್ದು ನಿಲ್ಲುತ್ತಿತ್ತು, ಮೂಗು ಸೀಟುವುದು ಕೇಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

ಅಂದಿನಿಂದ ಅವಳು ತುಕಾರಾಮನ ಜೊತೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ. ಅವನ ತಾಟಿಗೆ ಅವನ ಹೆಂಡತಿ ಛಾಯಾ ಬಡಿಸತೊಡಗಿದಳು. ಮಾಳದಲ್ಲಿ ಅವನು ಸಿಳ್ಳೆ ಹಾಕಿದರೆ ಇವಳು ಕೇಳಿಸದವಳಂತೆ ಇರುತ್ತಿದ್ದಳು. ಕುರಿಗಳಿಗೂ ತಾಳ ತಪ್ಪಿತ್ತು, ಹಿಂದೆ ಬೊಗಳುವವರಿಲ್ಲದೆ ಅವು ಕಬ್ಬಿನ ಹೊಲಗಳಿಗೆ ನುಗ್ಗಿ ಬೈಸಿಕೊಳ್ಳುತ್ತಿದ್ದವು. ಬೆಳಗ್ಗೆ ರೊಟ್ಟಿ ಬಡಿಯುವಾಗ ಕೈ ತಾನಾಗಿಯೇ ಕೊನೆಯ ದಪ್ಪ ರೊಟ್ಟಿಯನ್ನು ಬೇರೆ ಇಡುತ್ತಿತ್ತು. ಆಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಒಲೆಯ ಮುಂದೆ ಕೂತಿರುತ್ತಿದ್ದಳು. ಮಧ್ಯಾಹ್ನ ಮಲಗಲು ಆಗುತ್ತಿರಲಿಲ್ಲ. ಕಾಲಿನ ಬಳಿ ಗಾಳಿ ತಾಗಿದರೂ ಎದ್ದು ಕೂರುತ್ತಿದ್ದಳು.

ಓಣಿಯ ಹೆಂಗಸರು ಮೊದಮೊದಲು ಕನಿಕರ ಪಟ್ಟರು. ಆಮೇಲೆ ರತ್ನಾಬಾಯಿ ಎಂಬ ನೆರೆಯವಳು ನೀರಿನ ಟಾಕಿಯ ಬಳಿ ಎಲ್ಲರ ಮುಂದೆ, ಅತ್ತೆ ಸತ್ತಾಗಲೂ ಹಣಮವ್ವ ಇಷ್ಟು ಸೊರಗಿರಲಿಲ್ಲ ಎಂದಳು. ಹಣಮವ್ವ ಜಗಳ ಆಡಲಿಲ್ಲ. ಆ ಮಾತು ನಿಜ ಎಂದು ಅವಳಿಗೇ ಅನಿಸಿತ್ತು. ಅತ್ತೆ ವರ್ಷಗಟ್ಟಲೆ ನರಳಿ ಹೋದವಳು, ಅವಳ ಸಾವು ಎಲ್ಲರಿಗೂ ಬಿಡುಗಡೆಯಾಗಿತ್ತು. ಹಾಗೆಂದು ಹೇಳುವುದು ಹೇಗೆ? ಕೊಡ ತುಂಬಿಸಿಕೊಂಡು ಮನೆಗೆ ಬಂದಳು. ಅಂಬಾದಾಸ ರಜೆಗೆ ಬಂದವನು ಮಗ್ಗುಲಲ್ಲಿ ಕೂತು, ತಮ್ಮ ಬೇಕೆಂದು ಮಾಡಿಲ್ಲ, ಎಷ್ಟು ದಿನ ಹೀಗೆ ಎಂದ. ಬೇಕೆಂದು ಮಾಡಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಅವಳನ್ನು ತಿನ್ನುತ್ತಿದ್ದದ್ದು ಬೇರೆ. ಅವನು ಕಟ್ಟಿದ್ದ, ಬಿಚ್ಚಿದವಳು ತಾನು. ಇದನ್ನು ಅವಳು ಯಾರ ಬಳಿಯೂ ಬಾಯಿಬಿಟ್ಟು ಹೇಳಿರಲಿಲ್ಲ. ಗಂಟು ಬಿಚ್ಚಿದ್ದು ಯಾರೆಂದು ತುಕಾರಾಮ ಊಹಿಸಿರಲೇಬೇಕು, ಆದರೂ ಅವನೂ ಹೇಳಿರಲಿಲ್ಲ. ಅವನು ಹೇಳದೆ ಇದ್ದದ್ದೇ ಅವಳಿಗೆ ಇನ್ನೂ ತಡೆಯಲಾಗದ್ದಾಗಿತ್ತು.

ಒಂದು ಬೆಳಗ್ಗೆ ಅರಣ್ಯ ಇಲಾಖೆಯ ಗಾರ್ಡ್ ಬಂದ. ಹಳ್ಳದ ಆಚೆ ಒಂದು ಹೆಣ್ಣು ತೋಳ ಸತ್ತು ಬಿದ್ದದ್ದು ಸಿಕ್ಕಿತ್ತು, ಅದರ ಸುತ್ತ ಹದ್ದುಗಳೂ ಸತ್ತಿದ್ದವು. ಯಾರೋ ವಿಷ ಇಟ್ಟಿದ್ದಾರೆ, ಇದು ಜೈಲಿನ ಮಾತು ಎಂದು ಅವನು ಮರಾಠಿಯಲ್ಲಿ ಹೇಳಿದ. ಹಣಮವ್ವ ಅಂಗಳದಲ್ಲಿ ಕುರಿಮರಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ತುಕಾರಾಮ ಬಾಗಿಲ ಬಳಿ ನಿಂತಿದ್ದ. ಅವನ ಹಿಂದೆ ಛಾಯಾ, ಅವಳ ಸೊಂಟದ ಮೇಲೆ ಜ್ವರದಿಂದ ಉಳಿದು ಬಂದ ಆ ಮಗಳು. ಗಾರ್ಡ್ ಸುತ್ತ ನೋಡಿ, ನಿಮ್ಮ ಬೂದು ನಾಯಿ ಎಲ್ಲಿ ಮಾವಶಿ, ನಾನು ಬಂದಾಗಲೆಲ್ಲ ಮೈಮೇಲೆ ಬರುತ್ತಿತ್ತಲ್ಲ ಎಂದು ಕೇಳಿದ.

ಹಣಮವ್ವ ಕುರಿಮರಿಯ ಕಾಲು ಬಿಡಲಿಲ್ಲ. ಅದಕ್ಕೆ ವಯಸ್ಸಾಗಿತ್ತು ಸಾಹೇಬ, ಸತ್ತಿತು ಎಂದು ಮರಾಠಿಯಲ್ಲೇ ಹೇಳಿದಳು. ಯಾವಾಗ ಎಂದು ಕೇಳಿದ್ದಕ್ಕೆ, ಬಹಳ ದಿನವಾಯಿತು ಎಂದಳು. ಮಣ್ಣು ಎಲ್ಲಿ ಮಾಡಿದಿರಿ ಎಂದದ್ದಕ್ಕೆ, ನಾಯಿಗೆ ಯಾರು ಮಣ್ಣು ಮಾಡುತ್ತಾರೆ, ಹಳ್ಳಕ್ಕೆ ಎಸೆದೆವು ಎಂದಳು. ಗಾರ್ಡ್ ಏನೋ ಬರೆದುಕೊಂಡು ಹೋದ.

ಅವನು ಹೋದ ಮೇಲೆ ತುಕಾರಾಮ ಅಂಗಳಕ್ಕೆ ಇಳಿದು ಬಂದು ಅವಳ ಮುಂದೆ ಕೂತ.

“ವೈನಿ, ನೀ ನನ್ನ ಹೆಸರ ಹೇಳಬಹುದಿತ್ತು,” ಎಂದ.

ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಬುಟ್ಟಿಯನ್ನು ಹಳ್ಳಕ್ಕೆ ಎಸೆದೆವು ಎಂಬ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತು? ಮೈದುನನ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದ್ದಲ್ಲ. ಛಾಯಾಳ ಸೊಂಟದ ಮೇಲಿನ ಕೂಸನ್ನು ನೋಡಿ ಹೇಳಿದ್ದಳು. ಏನೇ ಆದರೂ ಆ ನಾಯಿಯನ್ನು ಈಗ ಎರಡನೇ ಸಲ ತಾನೇ ಕೊಂದ ಹಾಗಾಯಿತು ಎಂದು ಅವಳಿಗೆ ಅನಿಸಿತು. ಮರುದಿನ ಬಟ್ಟೆ ಚೀಲ ಹಿಡಿದು, ಯಾರಿಗೂ ಸರಿಯಾಗಿ ಹೇಳದೆ, ಅಕ್ಕಲಕೋಟೆ ಬಸ್ಸು ಹತ್ತಿ ನಾಗಣಸೂರಿಗೆ ಮಗಳ ಮನೆಗೆ ಹೋದಳು.

ಸಪ್ನಾ ತಾಯಿಯನ್ನು ನೋಡಿ ಗಾಬರಿಯಾದಳು. ಕೆನ್ನೆಯ ಎಲುಬು ಎದ್ದು ಬಂದಿತ್ತು, ಕುಪ್ಪಸದ ತೋಳು ಸಡಿಲವಾಗಿತ್ತು. ಬೀಗತಿ ಜನಾಬಾಯಿ ಒಳ್ಳೆಯ ಹೆಂಗಸು. ಕಾರಣ ಕೇಳದೆ ಹಾಸಿಗೆ ಹಾಸಿಕೊಟ್ಟಳು, ಮಜ್ಜಿಗೆ ಕೊಟ್ಟಳು. ಆದರೆ ಅಲ್ಲಿಯೂ ಹಣಮವ್ವನಿಗೆ ನೆಲೆ ಸಿಗಲಿಲ್ಲ. ಕೆಲಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಗಳ ಮನೆಯ ಪಾತ್ರೆಗಳನ್ನೆಲ್ಲ ಬೂದಿ ಹಚ್ಚಿ ಮತ್ತೆ ಮತ್ತೆ ತಿಕ್ಕಿದಳು. ಒಂದು ಮಧ್ಯಾಹ್ನ ಸಪ್ನಾ ಮೊಬೈಲಿನಲ್ಲಿ ಹಳೆಯ ಫೋಟೊ ತೆಗೆದು ತೋರಿಸಿದಳು. ಮದುವೆಯ ಮುಂಚೆ ತೆಗೆದದ್ದು, ಬುಟ್ಟಿ ಅದರಲ್ಲಿ ಹಿಂದೆ ತಿರುಗಿ ಕೂತಿತ್ತು. ಹಣಮವ್ವ ಫೋನನ್ನು ಮಗುಚಿ ಇಟ್ಟಳು.

ಭಾನುವಾರ ಬಂಡೆಪ್ಪ ಬಂದ. ಬಂಡೆಪ್ಪ ಮೈಲಾರಲಿಂಗನ ವಗ್ಗಯ್ಯ. ಕರಿಕಂಬಳಿ ನಿಲುವಂಗಿ, ಕೈಯಲ್ಲಿ ಗಂಟೆ, ಹೆಗಲಿಗೆ ಭಂಡಾರದ ಚೀಲ, ಜೊತೆಗೊಂದು ದೋಣಿ ಎನ್ನುವ ಮರದ ಬಟ್ಟಲು. ಮೈಲಾರನ ಮುಂದೆ ತಾವು ನಾಯಿಗಳು ಎಂದು ನಂಬಿದವರು ವಗ್ಗಯ್ಯಗಳು. ಮನೆಯವರು ದೋಣಿಗೆ ಹಾಲು, ಬಾಳೆಹಣ್ಣು ಹಾಕಿದರೆ ಬೊಗಳಿ, ಕೈ ಮುಟ್ಟಿಸದೆ, ಬಾಯಿಂದಲೇ ತಿನ್ನುತ್ತಾರೆ. ಹಣಮವ್ವ ಇದನ್ನು ಚಿಕ್ಕಂದಿನಿಂದ ಎಷ್ಟೋ ಸಲ ಕಂಡವಳು. ಜನಾಬಾಯಿ ಹಾಲು ಸುರಿದಳು. ಬಂಡೆಪ್ಪ ಮುದುಕ. ಕಷ್ಟಪಟ್ಟು ಮಂಡಿಯೂರಿ, ಎರಡೂ ಕೈ ನೆಲಕ್ಕೆ ಊರಿ, ಒಡಕು ದನಿಯಲ್ಲಿ ಬೊಗಳಿ ದೋಣಿಗೆ ಬಾಯಿ ಹಾಕಿದ. ಹಾಲು ಅವನ ಗಡ್ಡದಿಂದ ಇಳಿಯಿತು.

ಬಾಗಿಲ ಬಳಿ ನಿಂತಿದ್ದ ಹಣಮವ್ವ ಅಲ್ಲೇ ಹೊಸ್ತಿಲಲ್ಲಿ ಕುಸಿದು ಕೂತು ಅಳತೊಡಗಿದಳು. ದವಾಖಾನೆಯಲ್ಲಿ ಅತ್ತಿರಲಿಲ್ಲ, ಗುಂಡಿಯ ಮುಂದೆ ಅತ್ತಿರಲಿಲ್ಲ. ಈಗ ಬೀಗರ ಮನೆಯಲ್ಲಿ, ಬೀದಿಗೆ ಕೇಳುವಂತೆ ಅಳು ಬಂತು. ಸಪ್ನಾ ಓಡಿ ಬಂದು ಹಿಡಿದುಕೊಂಡಳು. ಮುದುಕ ಅರ್ಧಕ್ಕೆ ತಲೆ ಎತ್ತಿ, ತಾನೇನು ತಪ್ಪು ಮಾಡಿದೆನೋ ಎಂದು ಸುತ್ತ ನೋಡಿದ.

ಅಳು ಒಂದಿಷ್ಟು ಇಳಿದ ಮೇಲೆ ಅವಳು ಮೊದಲ ಸಲ ಎಲ್ಲವನ್ನೂ ಹೇಳಿದಳು. ಮಗಳಿಗೆ ಹೇಳಿದಳೋ, ಮುದುಕನಿಗೆ ಹೇಳಿದಳೋ, ಅವಳಿಗೇ ತಿಳಿಯದು. ಕೊನೆಗೆ, “ಅಂವಾ ಕಟ್ಟಿದ್ದ. ಬಿಚ್ಚಿದಾಕಿ ನಾ. ನನ್ನ ಕೈಲೇ ಬಿಚ್ಚೀನಿ,” ಎಂದಳು.

ಸಪ್ನಾಳಿಗೆ ಇದು ಗೊತ್ತಿರಲಿಲ್ಲ. ಅವಳು ತಾಯಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬಂಡೆಪ್ಪ ಗಡ್ಡ ಒರೆಸಿಕೊಂಡು, “ಯಾರದು ತಪ್ಪು ಅಂತ ಹೇಳಾಕ ನನಗ ಬರಂಗಿಲ್ಲ ತಂಗಿ,” ಎಂದ. “ನಾ ಅಂಥ ದೊಡ್ಡಾಂವ ಅಲ್ಲ. ಅದರ ಹೆಸರ ಏನಿತ್ತು, ಅದನ್ನಷ್ಟ ಹೇಳು.”

ಹಣಮವ್ವ ಹೇಳಿದಳು. ಗಾರ್ಡ್ ಬಂದು ಹೋದಂದಿನಿಂದ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಬಂಡೆಪ್ಪ ಎದ್ದು ನಿಂತು, ಗಂಟೆ ಬಾರಿಸಿ, ಮೈಲಾರನ ಹೆಸರು ಕೂಗುತ್ತಾ ಭಂಡಾರ ಎರಚಿದ. ನಡುವೆ ತನ್ನ ಗುರುವಿನ ಹೆಸರು, ತನ್ನ ಹಿರಿಯರ ಹೆಸರು ಹೇಳಿದ, ಅವರ ಜೊತೆಗೆ ಬುಟ್ಟಿಯ ಹೆಸರನ್ನೂ ಹೇಳಿದ. ಅರಿಶಿನದ ಪುಡಿ ಹಣಮವ್ವನ ತಲೆಯ ಮೇಲೂ ಹೊಸ್ತಿಲ ಮೇಲೂ ಬಿತ್ತು. ಮುದುಕ ದೋಣಿಯಲ್ಲಿ ಉಳಿದದ್ದನ್ನು ಮುಗಿಸಿ ಮುಂದಿನ ಮನೆಗೆ ಹೋದ. ಆ ದಿನ ಹಣಮವ್ವ ಒಂದು ರೊಟ್ಟಿ ಪೂರ್ತಿ ತಿಂದಳು. ಎದೆಯ ಭಾರ ಹೋಯಿತು ಎನ್ನಲಾಗದು. ಆದರೆ ಊರಿಗೆ ಹೋಗಬೇಕು ಎಂದು ಅವಳಿಗೆ ಅನಿಸಿತು.

ಬೋರಾಮಣಿಗೆ ಮರಳಿದಾಗ ಗುಡಿಸಲ ಮುಂದೆ ಒಂದು ಕರಿ ನಾಯಿಮರಿ ಆಡುತ್ತಿತ್ತು. ತುಕಾರಾಮ ಎಲ್ಲಿಂದಲೋ ತಂದಿದ್ದ. ಹಣಮವ್ವ ಅದನ್ನು ನೋಡಿ, ಛಾಯಾಳಿಗೆ ಇದನ್ನು ನೀನೇ ಸಾಕು, ನನ್ನ ಕಾಲಿಗೆ ತರಬೇಡ ಎಂದಳು. ಕೋಪದಿಂದ ಹೇಳಿದ್ದಲ್ಲ, ಆದರೆ ಬೇರೆ ಮಾತಿಗೆ ಎಡೆಯೂ ಇರಲಿಲ್ಲ. ಛಾಯಾ ಮರಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಮರುದಿನ ಬೆಳಗ್ಗೆ ಮಾಳದಲ್ಲಿ ಕುರಿಗಳು ಚದುರಿದ ಮೇಲೆ ಹಣಮವ್ವ ತಾನಾಗಿ ತುಕಾರಾಮನ ಬಳಿ ಹೋದಳು. ಅವನು ಎದ್ದು ನಿಂತ.

“ಕಟ್ಟೀನಿ ಅಂತ ನನಗ ಒಂದ ಮಾತ ಹೇಳಬೇಕಾಗಿತ್ತು ನೀ,” ಎಂದಳು.

“ಹೇಳಿದ್ರ ನೀ ಔಷಧ ಇಡಾಕ ಬಿಡತಿದ್ದಿಲ್ಲ ವೈನಿ.”

“ಹೌದು. ಬಿಡತಿದ್ದಿಲ್ಲ.”

ಅವನು ಕಣ್ಣು ಕೆಳಗೆ ಹಾಕಿದ. ತಗ್ಗಿದ ದನಿಯಲ್ಲಿ ಹೇಳಿದ. “ನೀ ಬಿಚ್ಚಿದ್ದು ನಾ ನೋಡೀನಿ. ಹಾಸಿಗಿ ಮ್ಯಾಲ ಎದ್ದ ಕುಂತಿದ್ದೆ. ಬ್ಯಾಡ ಅಂತ ಒದರಬೇಕಂದೆ. ಒದರಿದ್ರ ನೀ ಯಾಕ ಅಂತ ಕೇಳತಿದ್ದಿ. ಬುಟ್ಟಿ ಅಷ್ಟ ದೂರ ಹೋಗಂಗಿಲ್ಲ, ನಾ ಮುಂದ ಹೋಗಿ ತಗದರಾತು ಅಂದ್ಕೊಂಡೆ. ನಾ ಹೊರಡೂದ್ರಾಗ ಅದು ತಿಂದ ಬಂದಿತ್ತು.”

ಹಣಮವ್ವನಿಗೆ ಇದು ಗೊತ್ತಿರಲಿಲ್ಲ. ಒಂದು ಕ್ಷಣ ಅವನಿಗೆ ಹೊಡೆಯಬೇಕು ಎನಿಸಿತು, ಸಾಲೆ ತಪ್ಪಿಸಿ ಓಡಿ ಬಂದಾಗ ಹೊಡೆಯುತ್ತಿದ್ದ ಹಾಗೆ. ಅವನೂ ಅದಕ್ಕೆ ಸಿದ್ಧನಿದ್ದವನಂತೆ ನಿಂತಿದ್ದ. ಅವನ ಗಡ್ಡದಲ್ಲಿ ಬಿಳಿ ಕೂದಲು ಬಂದಿರುವುದನ್ನು ಅವಳು ಆಗ ನೋಡಿದಳು. ಕೈ ಏಳಲಿಲ್ಲ.

“ನಡಿ,” ಎಂದಳು.

ಮಾಳದ ಏರಿನ ಮೇಲೆ ಬೀರೋಬಾನ ಕಲ್ಲುಗಳಿವೆ. ಕುರಿಗಳನ್ನು ಅವುಗಳ ಪಾಡಿಗೆ ಬಿಟ್ಟು ಇಬ್ಬರೂ ಅಲ್ಲಿಗೆ ಹೋದರು. ಕಲ್ಲಿನ ಮೇಲಿನ ಭಂಡಾರ ಮುಟ್ಟಿ, ಇನ್ನು ಈ ಕೈಯಿಂದ ಯಾವ ಜೀವಕ್ಕೂ ವಿಷ ಇಡುವುದಿಲ್ಲ ಎಂದು ಅವನಿಂದ ಹೇಳಿಸಿದಳು. ಅವನು ಹೇಳಿದ. ದೇವರಿಗೆ ಬಿಟ್ಟ ಮರಿಯನ್ನು ತೋಳ ತಿಂದರೆ ಅದು ದೇವರ ಲೆಕ್ಕ, ನಮ್ಮದಲ್ಲ ಎಂದು ಅವಳು ಹೇಳಿದಳು. ಹಾಗೆ ಹೇಳುವಾಗ ಅದನ್ನು ತಾನು ಪೂರ್ತಿ ನಂಬಿದ್ದೇನೆಯೇ ಎಂದು ಅವಳಿಗೆ ಖಾತ್ರಿ ಇರಲಿಲ್ಲ. ಇಳಿದು ಬರುವಾಗ ಅವಳು ಮುಂದೆ, ಅವನು ಹಿಂದೆ ನಡೆದರು. ಬುಟ್ಟಿಯನ್ನು ಹುಗಿದ ಜಾಗ ದಾರಿಯಲ್ಲೇ ಸಿಗುತ್ತಿತ್ತು. ಅಲ್ಲಿ ನಿಲ್ಲಲು ಇಬ್ಬರಿಗೂ ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ಹಣಮವ್ವ ಅವನ ತಾಟಿಗೆ ತಾನೇ ಬಡಿಸಲು ಶುರು ಮಾಡಿದಳು. ತೋಳಗಳು ಬರುವುದು ನಿಲ್ಲಲಿಲ್ಲ. ಮುಂದಿನ ಚಳಿಯಲ್ಲಿ ಮತ್ತೊಂದು ಮರಿ ಹೋಯಿತು. ರಕ್ತ ಹತ್ತಿದ ಉಣ್ಣೆ ಹಿಡಿದು ಬಂದ ತುಕಾರಾಮ ಅಂಗಳದಲ್ಲಿ ನಿಂತ. ಹಣಮವ್ವ ಕುರಿದೊಡ್ಡಿಯ ಬಲೆ ಎತ್ತರ ಮಾಡಬೇಕು, ಸೋಲಾಪುರದಿಂದ ಹೊಸ ಬಲೆ ತರಲು ಅಣ್ಣನಿಗೆ ಫೋನ್ ಹಚ್ಚು ಎಂದಳು. ಅವನು ಹಚ್ಚಿದ. ಬಲೆ ಬಂತು, ಇಬ್ಬರೂ ಸೇರಿ ಬಿಗಿದರು.

ಅವಳಿಗೆ ಈಗಲೂ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಕಂಬಳಿ ಹಾಸಿ ಕೂತು ಮಾಳವನ್ನು ತಾನೇ ನೋಡುತ್ತಿರುತ್ತಾಳೆ. ಮೈದುನನ ಜೊತೆ ಹುಲ್ಲಿನ ಮಾತು, ನೀರಿನ ಮಾತು, ಕುರಿಗಳಿಗೆ ಸೂಜಿ ಹಾಕಿಸುವ ಮಾತು ನಡೆಯುತ್ತದೆ. ಬುಟ್ಟಿಯ ಮಾತು ಬಂದರೆ ಯಾರಾದರೊಬ್ಬರು ಎದ್ದು ಕುರಿಗಳ ಕಡೆ ಹೋಗುತ್ತಾರೆ.